ಕೊನೇ ಪಂಕ್ತಿಯ ಥ್ರೆಡ್

“ಅದು ಕೊನೇ ಪಂಕ್ತೀಲಿ ಕೂತ್ಕೊಳ್ಲಿ ಬುಡ್ಲಾ ಗಿರೀಶ. ಬರ್ಕೊಳೋಕೇನು ಅವಸರ?” ಅಂದ ಸೋಮಶೇಖರ್, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ.

ಗುಂಡ್ಲುಪೇಟೆಯಲ್ಲಿ ಅವರಪ್ಪನ ಈರುಳ್ಳಿ ಮಂಡಿಯ ಮೇಲಿನ ರೂಮಿನಿಂದ ನಾವಿಬ್ಬರು ಮೊಬೈಲಿನಲ್ಲಿ ಆಡುವ ಚೌಕಾಬಾರ ನಡೆಸುತ್ತಿದ್ದೆವು. ಬಂಡವಾಳ ಅವನದು, ಪ್ರೋಗ್ರಾಂ ನನ್ನದು. ಆಡುವವರು ಹೆಚ್ಚಾದಂತೆ, ಕವಡೆ ಎಸೆದರೂ ಕಾಯಿ ಕದಲದೆ ನಿಂತುಬಿಡುತ್ತಿತ್ತು. ಪ್ರೋಗ್ರಾಮಿನೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಥ್ರೆಡ್, ಒಂದೊಂದು ಆಳಿದ್ದಂತೆ. ಕಾಯಿ ನಡೆಸುವುದು ಒಂದು ಥ್ರೆಡ್ಡಿನ ಕೆಲಸ, ಆಟವನ್ನು ಡಿಸ್ಕಿಗೆ ಬರೆದಿಡುವುದು ಇನ್ನೊಂದರದು. ಅವನ್ನು ಓಡಿಸಲು ಸರ್ವರಿಗಿದ್ದದ್ದು ಒಂದೇ ಕೋರ್. ಎರಡಕ್ಕೂ ಬಡಿಸುವವನು ಒಬ್ಬನೇ ಅನ್ನಿ. ಕಾಯಿ ನಡೆಸುವ ಥ್ರೆಡ್ಡಿಗೆ ಎಲ್ಲಕ್ಕಿಂತ ಮೇಲಿನ ಆದ್ಯತೆ ಕೊಡು ಅಂತ ಸೋಮಶೇಖರನ ಹಟ.

“ಮೊದ್ಲು ಕೂತೋರು ಏಳ್ದೇ ಇದ್ರೆ ಕೊನೇಲಿರೋರ್ಗೆ ಎಲೆ ಬೀಳಲ್ಲ ಕಣಣ್ಣ,” ಅಂದೆ.

“ನಮ್ಮನೇಲಿ ಯಾರಾದ್ರೂ ಉಣ್ದೆ ಓಗಿದ್ದಾರೇನ್ಲಾ?”

ಅವರ ಮನೆಯ ಮದುವೆಯಲ್ಲಿ ನಮ್ಮವ್ವ ಚಿಕ್ಕಮಲ್ಲಮ್ಮ ಎರಡು ದಿನ ಈರುಳ್ಳಿ ಹೆಚ್ಚಿ, ಪಾತ್ರೆ ತೊಳೆದು, ಕೊನೇ ಪಂಕ್ತಿಗೆ ಕೂತಾಗ ಪಾಯಸದ ತಪ್ಪಲೆ ಬರಿದಾಗಿತ್ತು. ಪಕ್ಕದ ಎಲೆ ನನ್ನದು. ಅದನ್ನು ಹೇಳಲಿಲ್ಲ. ಅವನು ಹೇಳಿದಂತೆ ಮಾಡಿದೆ. ಕಾಯಿಗಳು ಸರಾಗ ಓಡಿದವು. ಅವನು ಬೆನ್ನು ತಟ್ಟಿದ. ನನಗೂ ಹಿತವಾಯಿತು, ಸುಳ್ಳೇಕೆ.

ಭಾನುವಾರ ಫೈನಲ್. ಗೆದ್ದವರಿಗೆ ಲ್ಯಾಪ್‌ಟಾಪ್. ಒಂದು ಕಡೆ ಚಾಮರಾಜನಗರದಿಂದ ಸೋಮಶೇಖರನ ಸೋದರತ್ತೆಯ ಮಗ, ಇನ್ನೊಂದು ಕಡೆ ಪುಣಜನೂರಿನಿಂದ ನಮ್ಮಕ್ಕನ ಮಗಳು ಮೇಘನಾ. ಸಿಗ್ನಲ್ ಸಿಗಲೆಂದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಆಡಿದಳು. ಆ ಲ್ಯಾಪ್‌ಟಾಪ್ ಬಂದರೆ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತೇನೆ ಅಂತ ನಾನೇ ಆಸೆ ಹುಟ್ಟಿಸಿದ್ದೆ. ಅದೇ ಹೊತ್ತಿಗೆ ಬೇರೆ ಆಟಗಳಲ್ಲಿ ಮೂರು ಸಾವಿರ ಜನ. ಅವಳ ನಾಲ್ಕನೇ ಕಾಯಿಯೂ ನಡುಮನೆ ಸೇರಿ ಹಣ್ಣಾಗಿ, ಅವಳು ಗೆದ್ದದ್ದನ್ನು ನಾನು ಕಣ್ಣಾರೆ ಕಂಡೆ. ಮರುಗಳಿಗೆಯೇ ಸರ್ವರ್ ಬಿತ್ತು.

ಬರೆಯುವ ಥ್ರೆಡ್ಡಿಗೆ ನಲವತ್ತು ನಿಮಿಷ ಒಂದು ಸರದಿಯೂ ಸಿಕ್ಕಿರಲಿಲ್ಲ. ಬರೆಯಬೇಕಾದದ್ದೆಲ್ಲ ಮೆಮೊರಿಯಲ್ಲೇ ಗುಡ್ಡೆಬಿದ್ದು, ಅದು ತುಂಬಿ, ಎಲ್ಲ ಒಟ್ಟಿಗೆ ಹೋಯಿತು. ಉಳಿದದ್ದು ಜನ ಸೇರುವ ಮೊದಲು ಬರೆದಷ್ಟೇ: ಅವನದು ಎರಡು ಹಣ್ಣು, ಅವಳದು ಒಂದು.

“ದಾಖಲೆ ಏನೇಳುತ್ತೋ ಅದೇ ತೀರ್ಪು,” ಅಂದ ಸೋಮಶೇಖರ್.

“ನಾನೇ ನೋಡಿದ್ದೀನಲ್ಲಣ್ಣ.”

“ನೀನು ಅವಳ ಸೋದರಮಾವ. ಯಾರ್ಲಾ ನಂಬ್ತಾರೆ?”

“ನಿಮ್ಮತ್ತೆ ಮಗನ್ನೇ ಕೇಳು.”

“ಕೇಳ್ದೆ. ಅವನ್ಗೆ ಗ್ಯಾಪಕ ಇಲ್ವಂತೆ.”

“ಇನ್ನೊಂದ್ಸಲ ಆಡ್ಸನ.”

“ಲ್ಯಾಪ್‌ಟಾಪ್ ಕೊಟ್ಟು ಫೋಟೋ ಹಾಕ್ಬುಟ್ಟೆ ಕಣ್ಲಾ.”

ಅವನು ಮಂಡಿಗೆ ಇಳಿದುಹೋದ. ನಾನು ಕೂತು, ಪ್ರತಿ ನೂರು ನಡೆಗೆ ಒಮ್ಮೆ ಬರೆಯುವ ಥ್ರೆಡ್ಡಿಗೂ ಸರದಿ ಬರುವಂತೆ ತಿದ್ದಿದೆ. ಹತ್ತು ಸಾಲಿನ ಕೆಲಸ. ಆವತ್ತೇ ಮಾಡಬಹುದಿತ್ತು. ಸರ್ವರ್ ಮತ್ತೆ ಶುರುಮಾಡಿ ಪುಣಜನೂರಿಗೆ ಫೋನ್ ಹಚ್ಚಿದೆ.

“ನಾನು ಗೆದ್ದಿದ್ದೆ ಅಲ್ವಾ ಮಾವ?”

“ಗೆದ್ದಿದ್ದೆ ಕಣಮ್ಮಿ.”

“ಮತ್ತೆ ಅದ್ಯಾಕೆ ಬರ್ಕೊಳ್ಲಿಲ್ಲ?”

“ಅದನ್ನ ಕೊನೇಗೆ ಕೂರ್ಸಿದ್ದೆ. ನಾನೇ.”



“ಅಜ್ಜಿ ಕೂತ್ಕೊಳೋ ಪಂಕ್ತೀಗಾ?”

“ಊಂ.”

ಫೋನ್ ಇಟ್ಟಳು. ಕೆಳಗೆ ಲಾರಿಗೆ ಚೀಲ ಎಸೆಯುವ ಸದ್ದು. ಸ್ಕ್ರೀನಿನಲ್ಲಿ ಹೊಸ ಸಾಲೊಂದು ಬಂತು: ಮೇಘನಾ, ಪುಣಜನೂರು, ಆಟಗಾರ್ತಿಯೇ ಖಾತೆ ಅಳಿಸಿದ್ದಾರೆ. ಬರೆಯುವ ಥ್ರೆಡ್ ಅದನ್ನು ಆ ಕ್ಷಣವೇ ಬರೆದುಕೊಂಡಿತ್ತು.