ಗಾಳಿಮಾವನ ತೊಟ್ಟಿ ನೀರು

ಗಾಳಿಮಾವನ ಹಿತ್ತಲಿನ ಸೊಳ್ಳೆಗಳು ಎಷ್ಟು ದಷ್ಟಪುಷ್ಟ ಅಂದರೆ, ಒಂದು ಬಂದು ಕೂತರೆ ಮಂಚ ಕಿರ್ ಅನ್ನುತ್ತಿತ್ತು. ಎರಡು ಕೂತರೆ ಮಲಗಿದವರೇ ಎದ್ದು ಜಾಗ ಬಿಡಬೇಕು. ಗಾಳಿಮಾವನ ನಾಯಿಯ ಹೆಸರು ದೊರೆ. ದೊರೆಯ ಮೈಮೇಲಿನ ಉಣ್ಣಿಗಳೂ ಕಮ್ಮಿಯೇನಿಲ್ಲ. ಜೋಳದ ಕಾಳಿನಷ್ಟು ಉಬ್ಬಿಕೊಂಡು, ಬಾಡಿಗೆ ಕೊಡದೆ ಕೂತವರ ಹಾಗೆ ಕಿವಿಸಂದಿಯಲ್ಲಿ ಬೀಡುಬಿಟ್ಟಿದ್ದವು.

ಗಾಳಿಮಾವ ಅಂದರೆ ಮನೆಯ ಮುಂದೆಯೇ ಪಂಕ್ಚರ್ ಅಂಗಡಿ ಇಟ್ಟುಕೊಂಡವನು. ಅಂಗಡಿ ಬಾಗಿಲಲ್ಲಿ ಒಂದು ಸಿಮೆಂಟ್ ತೊಟ್ಟಿ. ಗಾಳಿ ತುಂಬಿದ ಟ್ಯೂಬನ್ನು ಅದರ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಕಡೆ ತೂತು ಎಂದು ಹಿಡಿಯುತ್ತಿದ್ದ. ಸೂಜಿಮೊನೆಯಷ್ಟು ತೂತೂ ಅವನ ಕಣ್ಣಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ನೀರನ್ನು ಮಾತ್ರ ಅವನು ಚೆಲ್ಲುತ್ತಿರಲಿಲ್ಲ. ನೀರು ಹಳೆಯದಾಗಿ ಕಪ್ಪಾದಷ್ಟೂ ಗುಳ್ಳೆ ಬೆಳ್ಳಗೆ ಕಾಣುತ್ತದೆ ಎಂದು ಕೆಲಸ ಕಲಿಸಿದ ಗುರು ಹೇಳಿದ್ದನಂತೆ. ಕಡಿಮೆಯಾದರೆ ಮೇಲೊಂದು ಬಿಂದಿಗೆ ಸುರಿಯುವುದು, ಮುಗಿಯಿತು. ಈ ನೀರು ನಮ್ಮ ಮದುವೆಗಿಂತ ಹಳೆಯದು, ಅದಕ್ಕೇ ಇವರಿಗೆ ನನಗಿಂತ ಅದರ ಮೇಲೆ ಪ್ರೀತಿ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಹಿತ್ತಲಲ್ಲಿ ಹಳೆ ಟೈರುಗಳ ಗುಡ್ಡ, ಸುತ್ತ ಮೊಣಕಾಲೆತ್ತರದ ಹುಲ್ಲು. ಪಕ್ಕದ ಮರಕ್ಕೆ ಟೈರಿನದೇ ಒಂದು ಉಯ್ಯಾಲೆ. ಅದು ಮೊಮ್ಮಗಳಿಗೆಂದು ಗಾಳಿಮಾವ ತನ್ನ ಕೈಯಾರೆ ಕಟ್ಟಿದ್ದು. ಮಗಳು ಕಾರ್ಖಾನೆಗೆ ಹೋಗುವಾಗ ಮಗುವನ್ನು ಇಲ್ಲೇ ಬಿಡುತ್ತಿದ್ದಳು. ಅದು "ತಾತಾ, ಜೋರಾಗಿ" ಅಂದರೆ ಸಾಕು, ರಸ್ತೆಯಲ್ಲಿ ಗಿರಾಕಿ ಕಾದು ಕಾದು ಗಡ್ಡ ನೆರೆಸಿಕೊಂಡರೂ ಗಾಳಿಮಾವ ಉಯ್ಯಾಲೆ ಬಿಟ್ಟು ಬರುತ್ತಿರಲಿಲ್ಲ.

ಒಂದು ಸಂಜೆ ಮಗುವಿನ ತಲೆ ಬಾಚುವಾಗ ಮಗಳಿಗೆ ಅದರ ಕಿವಿಯ ಹಿಂದೆ ಉಣ್ಣಿ ಕಚ್ಚಿಕೊಂಡಿದ್ದು ಕಂಡಿತು. ಗಾಳಿಮಾವ ಸೀಮೆಎಣ್ಣೆ ಬಾಟಲಿ ಹಿಡಿದು ಓಡಿಬಂದ, ಎರಡು ತೊಟ್ಟು ಬಿಟ್ಟರೆ ತಾನೇ ಉದುರುತ್ತದೆ ಎಂದ. ಸ್ಕೂಟರಿಗೆ ಗಾಳಿ ತುಂಬಿಸಲು ಬಂದಿದ್ದ ಆಸ್ಪತ್ರೆಯ ನರ್ಸಮ್ಮ ಬಾಟಲಿ ಕಿತ್ತುಕೊಂಡರು. ಎಣ್ಣೆ ಬಿಟ್ಟರೆ, ಬೆಂಕಿ ತಾಗಿಸಿದರೆ ಉಣ್ಣಿ ತನ್ನ ಹೊಟ್ಟೆಯ ರೋಗವನ್ನು ಮಗುವಿನ ಗಾಯಕ್ಕೇ ಕಕ್ಕಬಹುದು ಎಂದರು. ಚೂಪು ಚಿಮಟದಿಂದ ಚರ್ಮಕ್ಕೆ ಅಂಟಿದ ಕಡೆಯೇ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆದು ತೆಗೆದರು. ಅದನ್ನು ಉಗುರಲ್ಲಿ ಕುಕ್ಕಲು ಹೋದ ಗಾಳಿಮಾವನ ಕೈಗೆ ಒಂದೇಟು ಕೊಟ್ಟು, ಅಂಗಡಿಯ ಟೇಪಿನಲ್ಲಿ ಬಿಗಿಯಾಗಿ ಸುತ್ತಿ ಕಸಕ್ಕೆ ಹಾಕಿದರು. ಗಾಯವನ್ನೂ ಕೈಗಳನ್ನೂ ಸೋಪು ಹಾಕಿ ತೊಳೆದರು. ಮುಂದಿನ ಕೆಲವು ವಾರಗಳಲ್ಲಿ ಜ್ವರವೋ ಗಂಧೆಯೋ ಕಂಡರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ, ಉಣ್ಣಿ ಕಚ್ಚಿತ್ತು ಅಂತ ಬಾಯಿಬಿಟ್ಟು ಹೇಳಿ ಎಂದರು.

ಮಗಳು ಮಗುವನ್ನು ಸೊಂಟಕ್ಕೆತ್ತಿಕೊಂಡಳು.

"ಅಪ್ಪ, ಪಕ್ಕದ ಬೀದೀಲಿ ಮನೆ ಮನೆಗೂ ಡೆಂಗಿ ಜ್ವರ. ಇಲ್ಲಿ ನೋಡಿದ್ರೆ ಹಗಲು ಹೊತ್ತೇ ಸೊಳ್ಳೆ, ಅದರ ಮೇಲೆ ಈ ಉಣ್ಣಿ. ಈ ಹಿತ್ತಲು ಸರಿ ಹೋಗೋವರೆಗೂ ಮಗೂನ ಇಲ್ಲಿ ಬಿಡಲ್ಲ."

ಮಾರನೇ ದಿನ ಉಯ್ಯಾಲೆ ಖಾಲಿ. ಗಾಳಿಮಾವ ಅದರ ಕಡೆ ನೋಡುತ್ತಾ ನೋಡುತ್ತಾ ಗಾಳಿ ಹೊಡೆದು ಒಂದು ಟ್ಯೂಬನ್ನೇ ಒಡೆದುಬಿಟ್ಟ. ಆ ಸದ್ದಿಗೆ ಬೀದಿಯ ಕಾಗೆಗಳೆಲ್ಲ ಪಕ್ಕದ ಊರಿಗೆ ಹೋಗಿ ಕೂತವು.

ನರ್ಸಮ್ಮ ಮತ್ತೆ ಬಂದಾಗ ಅವನು ಜಗಳಕ್ಕೇ ಕಾದಿದ್ದ.

"ಸೊಳ್ಳೆ ಬರೋದು ಚರಂಡಿಯಿಂದ ಕಣಮ್ಮ. ನನ್ನ ತೊಟ್ಟಿ ಯಾರಿಗೇನು ಮಾಡ್ತು?"

ನರ್ಸಮ್ಮ ಒಂದು ಗಾಜಿನ ಬಾಟಲಿ ಕೇಳಿ ಪಡೆದು ತೊಟ್ಟಿಯಲ್ಲಿ ಅದ್ದಿ ತೆಗೆದರು. ಒಳಗೆ ಸಣ್ಣ ಸಣ್ಣ ಹುಳುಗಳು ಡೊಂಕಾಗಿ ಕುಣಿಯುತ್ತಿದ್ದವು. ಅವು ನೀರುಹುಳ, ಪಾಪದವು ಎಂದ ಗಾಳಿಮಾವ. ನರ್ಸಮ್ಮ ಬಾಟಲಿ ಬಾಯಿಗೆ ತೆಳು ಬಟ್ಟೆ ಬಿಗಿದು ಕಟ್ಟಿ ಅವನ ಎದುರಿಗಿಟ್ಟರು.

"ಗುಳ್ಳೆ ನೋಡೋ ಆ ಕಣ್ಣಲ್ಲಿ ಇದನ್ನೂ ಒಂದಿಷ್ಟು ದಿನ ನೋಡಿ, ಮಾವ."

ಅವನು ನೋಡಿದ. ಹುಳುಗಳು ಗುಂಡಗಾದವು. ಆಮೇಲೊಂದು ಬೆಳಗ್ಗೆ ಬಾಟಲಿಯೊಳಗೆ ಸೊಳ್ಳೆ ಹಾರಾಡುತ್ತಿದ್ದವು. ಕಾಲ ಮೇಲೆ ಡೆಂಗಿ ಸೊಳ್ಳೆಯ ಬಿಳಿ ಪಟ್ಟೆ ಬೇರೆ. ಹೊರಗಿಂದ ಒಂದು ನೊಣ ಹೋಗಲೂ ದಾರಿಯಿರಲಿಲ್ಲ.

"ನಿಮ್ಮ ನೀರಲ್ಲೇ ಹುಟ್ಟಿದ ಮಕ್ಕಳು ಕಣ್ರೀ," ಎಂದಳು ಹೆಂಡತಿ. "ಹೆಸರಿಡಿ, ಬಂಧುಬಳಗಕ್ಕೆಲ್ಲ ಹೇಳಿಕಳಿಸ್ತೀನಿ."

ಗಾಳಿ ಇಳಿದ ಟೈರಿನ ಹಾಗೆ ಅವನು ಕುಕ್ಕರಗಾಲಲ್ಲಿ ಕೂತ. ಆದರೆ ಕೂತೇ ಇರುವ ಆಳಲ್ಲ. ಎದ್ದವನೇ ತೊಟ್ಟಿಯ ನೀರನ್ನು ಒಣನೆಲಕ್ಕೆ ಮೊಗೆದು ಚೆಲ್ಲಿದ. ಚೆಲ್ಲಿದರೆ ಸಾಲದು, ಸೊಳ್ಳೆಯ ಮೊಟ್ಟೆ ತೊಟ್ಟಿಯ ಗೋಡೆಗೇ ಅಂಟಿರುತ್ತದೆ ಎಂದು ನರ್ಸಮ್ಮ ಹೇಳಿದ್ದರಿಂದ ಬ್ರಷ್ ಹಿಡಿದು ಉಜ್ಜಿದ. ಅದರ ಕೊಳೆಯಲ್ಲಿ ಒಂದು ಮನೆ ಕಟ್ಟಬಹುದಿತ್ತು. ಹೊಸ ನೀರು ತುಂಬಿ ಟ್ಯೂಬ್ ಮುಳುಗಿಸಿದರೆ ಗುಳ್ಳೆ ಮೊದಲಿಗಿಂತ ಚೆನ್ನಾಗಿ ಕಂಡಿತು. ಗುರುವಿಗೆ ನೀರು ಹೊರಲು ಸೋಮಾರಿತನವಿತ್ತೋ ಏನೋ ಎಂದು ಆ ಹೊತ್ತಿಗೆ ಅನುಮಾನ ಬಂತು.

ಕೆಲಸಕ್ಕೆ ಬಾರದ ಟೈರುಗಳು ಗುಜರಿಗೆ ಹೋದವು, ಉಳಿದವು ಮಳೆ ತಾಗದ ಮಾಡಿನ ಕೆಳಗೆ ಸೇರಿದವು. ನೀರಿನ ಡ್ರಮ್ಮಿಗೆ ಬಿಗಿ ಮುಚ್ಚಳ ಬಂತು. ಹುಲ್ಲು ಕೊಯ್ದರು, ಕೊಳೆತ ಎಲೆ ಗುಡಿಸಿದರು. ಉಣ್ಣಿ ಹೊಂಚು ಹಾಕುವುದು ಅಲ್ಲೇ. ದೊರೆಯನ್ನು ಪಶು ಡಾಕ್ಟರ ಹತ್ತಿರ ಕರೆದೊಯ್ದು ಔಷಧಿ ಹಾಕಿಸಿದರು. ಅದು ಮಲಗುವ ಗೋಣಿಯನ್ನು ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಹರವಿದರು. ಗೋಡೆಯ ಬಿರುಕಲ್ಲೂ ಉಣ್ಣಿ ಮೊಟ್ಟೆ ಇಡುತ್ತದೆಂದು ಗಾಳಿಮಾವ ಸಿಮೆಂಟ್ ಮೆತ್ತಿದ. ಕಿಟಕಿಯ ಜಾಲರಿಯಲ್ಲಿ ತೂತು ಹುಡುಕುವುದಂತೂ ಅವನಿಗೆ ಹಬ್ಬ. ಒಂದನ್ನೂ ಬಿಡದೆ ತೇಪೆ ಹಾಕಿದ.

ಆಮೇಲೆ ಮಗಳಿಗೆ ಹೇಳಿಕಳಿಸಿದ. ರಜೆಯ ದಿನ ಅವಳು ಮಗುವಿನ ಜೊತೆ ಬಂದು, ಪೊಲೀಸರ ಹಾಗೆ ಮೂಲೆ ಮೂಲೆ ತಡಕಿದಳು. ತೊಟ್ಟಿಯಲ್ಲಿ ಇಣುಕಿದಳು, ದೊರೆಯ ಕಿವಿ ಮಡಚಿ ನೋಡಿದಳು. ಎಲ್ಲೂ ಏನೂ ಸಿಗಲಿಲ್ಲ. ಗಾಳಿಮಾವನ ಎದೆ ಲಾರಿ ಟ್ಯೂಬಿನಷ್ಟು ಉಬ್ಬಿತು.

ಅಷ್ಟರಲ್ಲಿ ಮಗು ಓಡಿಹೋಗಿ ಉಯ್ಯಾಲೆ ಹತ್ತಿತು. ಟೈರು ಓಲಾಡಿ, ಒಳಗೆ ನಿಂತಿದ್ದ ಮಳೆನೀರು ಚೆಲ್ಲಿ, ಫ್ರಾಕು ನೆನೆಯಿತು. ಮಗಳು ಟೈರಿನೊಳಗೆ ಅಂಗೈ ಅದ್ದಿ ಮೇಲಕ್ಕೆತ್ತಿದಳು. ಅಂಗೈಯ ನೀರಲ್ಲಿ ಅದೇ ಹುಳುಗಳು ಕುಣಿಯುತ್ತಿದ್ದವು. ಮಗು ಬರುವುದು ನಿಂತ ಮೇಲೆ ಗಾಳಿಮಾವನಿಗೆ ಆ ಉಯ್ಯಾಲೆ ಮುಟ್ಟಲು ಮನಸ್ಸೇ ಬಂದಿರಲಿಲ್ಲ. ಹಿತ್ತಲೆಲ್ಲ ಗುಡಿಸಿದವನು ಅದೊಂದನ್ನು ಬಿಟ್ಟಿದ್ದ.

ಮಗಳು ಬಾಯಿ ತೆರೆಯುವ ಮೊದಲೇ ಅವನು ಒಳಗೆ ಹೋಗಿ ಕಬ್ಬಿಣದ ಸಲಾಕೆ ಕಾಯಿಸಿ ತಂದ. ಟೈರಿನ ತಳದಲ್ಲಿ ಚುಯ್ ಚುಯ್ ಎಂದು ಸಾಲಾಗಿ ತೂತು ಕೊರೆದ. ನೀರೆಲ್ಲ ಸುರಿದುಹೋಯಿತು. ಹಿಡಿ ಬ್ರಷ್ಷಿಂದ ಒಳಗೆಲ್ಲ ಉಜ್ಜಿ, ಒರೆಸಿ ಒಣಗಿಸಿದ.

"ಜೀವಮಾನವೆಲ್ಲ ತೂತು ಮುಚ್ಚಿದ ಕೈ," ಎಂದಳು ಹೆಂಡತಿ. "ಮೊಮ್ಮಗಳಿಗೋಸ್ಕರ ಇವತ್ತು ತೂತು ಮಾಡ್ತು."

ಮಗಳು ನಕ್ಕಳು. "ನಾಳೆಯಿಂದ ಬಿಟ್ಟು ಹೋಗ್ತೀನಿ. ಆದ್ರೆ ವಾರವಾರ ತೊಟ್ಟಿ ನೋಡ್ತೀನಿ, ಅಪ್ಪ."

"ನೋಡವ್ವ. ಗುಳ್ಳೆ ಬಿಟ್ಟು ಬೇರೆ ಏನಾದ್ರೂ ಕಂಡ್ರೆ ನನ್ನನ್ನೇ ಅದರಲ್ಲಿ ಮುಳುಗಿಸು."

ಓದಿದಿರಲ್ಲ, ಈಗ ಎದ್ದು ನಿಮ್ಮ ಹಿತ್ತಲಿಗೆ ನಡೆಯಿರಿ. ನಮ್ಮಲ್ಲಿ ಟೈರಿಲ್ಲ ಎಂದು ಕಾಲು ಚಾಚಬೇಡಿ. ಹೂಕುಂಡದ ತಟ್ಟೆ, ಒಡೆದ ಬಕೆಟ್ಟು, ನಾಯಿಯ ನೀರಿನ ಬಟ್ಟಲು ಇದ್ದೇ ಇರುತ್ತವೆ. ವಾರಕ್ಕೊಂದು ಸಲ ಚೆಲ್ಲಿ, ಉಜ್ಜಿ, ಒಣಗಿಸಿ. ಹುಲ್ಲು ಕೊಯ್ಯಿರಿ, ಸಾಕುಪ್ರಾಣಿಯ ಮೈ ತಡವಿ ನೋಡಿ, ಹೊರಗೆ ಆಡಿ ಬಂದ ಮಕ್ಕಳ ಕಿವಿ, ಕಂಕುಳು, ಕತ್ತು ನೋಡಿ. ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಹೋಗಿ. ಎಲ್ಲ ಮುಗಿಸಿ ಬಂದ ಮೇಲೂ ಇನ್ನೊಂದು ಸುತ್ತು ಹಾಕಿ. ನಿಮಗೆ ತುಂಬ ಪ್ರೀತಿಯ ವಸ್ತು ಯಾವುದಿದೆಯೋ, ಅದರೊಳಗೇ ಮೊದಲು ಇಣುಕಿ.