ಮೊದಲ ಪೋಸ್ಟರ್

“ಗಂಟು ಗಂಟಾಗಿದೆ! ಕಣ್ಣೇನು ಕುರುಡಾಗಿದ್ಯೇನೇ ಮುಂಡೇದೆ?”

ನನ್ನ ಮೈದುನ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹೆಂಡತಿಯ ಕೈ ಹಿಡಿದು ಕುದಿಯುವ ಅಂಟಿನೊಳಗೆ ಅದ್ದಿದ. ಪೋಸ್ಟರಿಗೆಂದು ಹಿಟ್ಟು ಕದಡಿ ಬೇಯಿಸಿದ ಅಂಟು ಅದು. ಬಿಸಿನೀರಾದರೆ ಜಾರಿ ಹೋಗುತ್ತದೆ, ಇದು ಚರ್ಮಕ್ಕೆ ಕಚ್ಚಿಕೊಂಡರೆ ಬಿಡುವುದೇ ಇಲ್ಲ. ಅವಳು ಕಿರುಚಿದ್ದು ಬೀದಿಗೆಲ್ಲ ಕೇಳಿತು. ಎದುರುಮನೆಯವರು ಕಿಟಕಿ ಹಾಕಿಕೊಂಡರು. ಮರ್ಯಾದಸ್ಥ ಜನ, ಬೇರೆಯವರ ಸಂಸಾರದಲ್ಲಿ ತಲೆ ಹಾಕುವವರಲ್ಲ.

“ಕೈಯಲ್ಲೇ ಹಿಸುಕು, ಗಂಟು ಒಡೀತದೆ,” ಅಂದ ಅವನು.

ನಾನು ಅವನ ಅಂಗಿ ಹಿಡಿದು ಎಳೆದೆ. ಮೊಣಕೈಯಲ್ಲಿ ತಿವಿದ. ಗೋಡೆಗೆ ಹೋಗಿ ಬಿದ್ದೆ.

“ನೀವು ಮಧ್ಯ ಬರ್ಬೇಡಿ ಅತ್ತಿಗೆ. ಅಣ್ಣ ಸತ್ತ ಮೇಲೂ ನಿಮಗೆ ಅನ್ನ ಹಾಕ್ತಿರೋನು ನಾನು.”

ಅನ್ನ ಹಾಕುತ್ತಾನಂತೆ! ಅಂಟು ಬೇಯಿಸುವವಳು, ಬಕೆಟ್ಟು ಹೊರುವವಳು ಅವನ ಹೆಂಡತಿ. ಏಣಿ ಹಿಡಿಯುವವಳು ನಾನು. ಅವನು ಮೇಲೆ ನಿಂತು ಬ್ರಷ್ ಆಡಿಸುತ್ತಾನೆ, ದುಡ್ಡು ಮಾತ್ರ ಅವನ ಜೇಬಿಗೆ. ಸಿನಿಮಾ, ಸೋಪು, ಚುನಾವಣೆ, ಯಾವುದಾದರೂ ಸರಿ. ಈ ಸಲ ಸರ್ಕಾರದ ಕೆಲಸ. ಮನೆಯ ಮೂಲೆಯಲ್ಲಿ ಪೋಸ್ಟರುಗಳ ಕಟ್ಟು ಬಿದ್ದಿತ್ತು. ಅದರಲ್ಲಿ ಚೆಂದದ ಹೆಂಗಸೊಬ್ಬಳು, ಕಣ್ಣಿನ ಕೆಳಗೆ ಒಂದಿಷ್ಟು ನೀಲಿ ಬಣ್ಣ. ‘ಗಂಡನ ಹೊಡೆತ ಸಹಿಸಬೇಡಿ. ಬನ್ನಿ, ನಾವಿದ್ದೇವೆ.’

ಇದ್ದೇವೆ ಅಂದವರ ಹತ್ತಿರವೇ ಹೋದೆವು. ಮಧ್ಯಾಹ್ನ ಅವನು ಉಂಡು ಮಲಗಿದ್ದೇ ತಡ, ಅವಳ ಕೈಗೆ ಒದ್ದೆ ಬಟ್ಟೆ ಸುತ್ತಿ ಕರೆದುಕೊಂಡು ಹೊರಟೆ. ಪೋಸ್ಟರ್ ಮಾಡಿಸಿದ ಇಲಾಖೆಯ ಕಚೇರಿಯಲ್ಲಿ ಮರುದಿನದ ಬಿಡುಗಡೆ ಸಮಾರಂಭದ ಗಡಿಬಿಡಿ.

“ಮೇಡಂ, ಇವಳಿಗೆ ಎಲ್ಲಾದ್ರೂ ಉಳ್ಕೊಳ್ಳೋಕೆ ಜಾಗ ಕೊಡಿ. ಇವತ್ತು ಕೈ ಅದ್ದಿದಾನೆ, ನಾಳೆ ತಲೇನೇ ಅದ್ದುತಾನೆ,” ಅಂದೆ.

ಮೇಡಂ ಬಟ್ಟೆ ಸರಿಸಿ ನೋಡಿದರು. “ಅಯ್ಯೋ ಪಾಪ,” ಅಂದರು. ಗಂಡ ಯಾರು ಅಂತ ಕೇಳಿದರು. ಹೇಳಿದೆ. ಪಾಪ ಅಂದ ಬಾಯಿ ಹಾಗೇ ಬಿಗಿದುಕೊಂಡಿತು.

“ನಮ್ಮ ಪೋಸ್ಟರ್ ಅಂಟಿಸೋನಾ? ನಾಳೆ ಮಂತ್ರಿಗಳು ಬರ್ತಿದ್ದಾರಮ್ಮ, ಟಿವಿಯವರು ಬರ್ತಾರೆ. ಈಗ ಇದು ಹೊರಗೆ ಬಂದ್ರೆ ಇಷ್ಟು ಒಳ್ಳೆ ಕಾರ್ಯಕ್ರಮ ಹಾಳಾಗುತ್ತೆ. ನಾಡಿದ್ದು ಬನ್ನಿ.”

“ನಾಡಿದ್ದಿನವರೆಗೂ ಇವಳು ಬದುಕಿರ್ಬೇಕಲ್ಲ ಮೇಡಂ?”

“ಕೆಟ್ಟ ಮಾತಾಡ್ಬಾರ್ದು. ಸ್ವಲ್ಪ ಅನುಸರಿಸ್ಕೊಂಡು ಹೋಗ್ಬೇಕು. ನಾನೇ ಫೋನ್ ಮಾಡಿ ಅವನಿಗೆ ಬುದ್ಧಿ ಹೇಳ್ತೀನಿ.”

“ಬೇಡ ಮೇಡಂ, ನಿಮ್ಮ ದಮ್ಮಯ್ಯ!” ಅಂದಳು ನನ್ನ ಓರಗಿತ್ತಿ. ಅಷ್ಟು ಹೊತ್ತಿಗೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಹೇಳಿಯೇ ಬಿಟ್ಟರು ಪುಣ್ಯಾತ್ಗಿತ್ತಿ. ನಾವು ಮನೆ ಮುಟ್ಟುವ ಮೊದಲೇ ಬುದ್ಧಿ ಅವನನ್ನು ಮುಟ್ಟಿತ್ತು. ಅವನು ಹೊಡೆಯಲಿಲ್ಲ. ಬಾಗಿಲಲ್ಲಿ ಕೂತು ಬ್ರಷ್ ತೊಳೆಯುತ್ತಿದ್ದ.

“ನಾಳೆ ಕೆಲಸ ಮುಗೀಲಿ,” ಅಂದ. “ಆಮೇಲೆ ನೀನಿದ್ದೀಯ, ನಾನಿದ್ದೀನಿ.”

ಹೊಡೆದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಈ ಸಲ ಅವನು ಇವಳನ್ನು ಉಳಿಸುವುದಿಲ್ಲ ಅಂತ ನನಗೆ ಖಾತ್ರಿಯಾಯಿತು. ಅವಳಿಗೂ ಆಗಿತ್ತು.

ಮರುದಿನ ದೊಡ್ಡ ರಸ್ತೆಯ ಗೋಡೆಯ ಹತ್ತಿರ ಜನ ಸೇರಿದರು. ಮೈದುನ ಗೋಡೆಯ ನೆತ್ತಿಗೆ ಕಟ್ಟಿದ ಹಲಗೆಯ ಮೇಲೆ ನಿಂತು ದೊಡ್ಡ ಹಾಳೆಗಳನ್ನು ಅಂಟಿಸುತ್ತಿದ್ದ. ನಾನು ಕೆಳಗೆ ಏಣಿ ಹಿಡಿದಿದ್ದೆ. ಅವಳು ಬೆಂದ ಬಲಗೈಗೆ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಬಕೆಟ್ಟು ಹಿಡಿದು ಬಂದಾಗ ಮೇಡಂ ಓಡಿ ಬಂದರು. “ಆ ಕೈ ಸೆರಗೊಳಗೆ ಇಟ್ಕೋ. ಕ್ಯಾಮೆರಾಗೆ ಕಾಣುತ್ತೆ.”

ಮಂತ್ರಿಗಳು ಮೊದಲ ಪೋಸ್ಟರನ್ನು ಎರಡು ಬೆರಳಲ್ಲಿ ಹಿಡಿದು ನಿಂತರು. “ಸ್ವಲ್ಪ ನಗಿ ಸಾರ್,” ಅಂದ ಫೋಟೋದವನು.

ಅವಳು ಬಕೆಟ್ಟು ಕೆಳಗಿಟ್ಟಳು. ಹೋಗಿ, ಅಂಟು ಬಳಿದಿದ್ದ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಕೈಯ ಬಟ್ಟೆ ಎಳೆದಳು. ಬಟ್ಟೆಯ ಜೊತೆಗೇ ಚರ್ಮವೂ ಬಂತು. ಆ ಕೈಯನ್ನು ಮುಖದ ಪಕ್ಕಕ್ಕೆ ಎತ್ತಿ ಹಿಡಿದಳು.

“ಇಲ್ಲಿ ಅಂಟಿಸಿ ಸಾಹೇಬ್ರೆ. ಬನ್ನಿ ಅಂದ್ರಲ್ಲ, ಬಂದಿದ್ದೀನಿ.”

ಮಂತ್ರಿಗಳು ಮೇಡಂ ಕಡೆ ನೋಡಿದರು. “ಇವಳಿಗೆ ತಲೆ ಸರಿಯಿಲ್ಲ ಸಾರ್. ಆ ಕಡೆ ಅಂಟಿಸೋಣ,” ಅಂದರು ಮೇಡಂ. ಎಲ್ಲರೂ ಪಕ್ಕಕ್ಕೆ ಸರಿದರು. ಅವಳೂ ಗೋಡೆಗುಂಟ ಸರಿದಳು. ಮತ್ತೆ ಸರಿದರು, ಇವಳು ಮತ್ತೆ ಎದುರಿಗೆ. ಪೋಸ್ಟರಿನ ಅಂಟು ಮಂತ್ರಿಗಳ ಬೂಟಿನ ಮೇಲೆ ತೊಟ್ಟಿಕ್ಕಿತು.

“ಲೇ ಸೂಳೆಮುಂಡೆ! ಇಲ್ಲೇ ಹೂತಾಕ್ತೀನಿ ಕಣೇ ನಿನ್ನ!” ಮೇಲಿಂದ ಮೈದುನ ಬ್ರಷ್ ಎಸೆದ. ಅದು ಅವಳ ಭುಜಕ್ಕೆ ಬಿತ್ತು. ಪೊಲೀಸಿನವನು ಲಾಠಿ ಚಾಚಿದ್ದು ಅವಳ ಕಡೆಗೇ. ಮೈದುನ ಹಲಗೆಯಿಂದ ಏಣಿಯತ್ತ ಕಾಲು ಇಳಿಬಿಟ್ಟ.

ಕಾಲು ತಾಗುವ ಮೊದಲೇ ಏಣಿ ಎಳೆದುಬಿಟ್ಟೆ. ಅವನು ಹಲಗೆ ತಬ್ಬಿಕೊಂಡ.

“ಅತ್ತಿಗೇ! ಏಣಿ ಇಡಿ! ಬೀಳ್ತೀನಿ!”

“ಇಡಲ್ಲ ಕಣೋ ಬೇವರ್ಸಿ. ಅಲ್ಲೇ ಇರು.”

ಏಣಿಯನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತೆ. ಹಿಂದೆಂದೂ ಅಷ್ಟು ನೆಮ್ಮದಿಯಾಗಿ ಕೂತಿರಲಿಲ್ಲ. ಪೊಲೀಸರು ಬಂದು ನನ್ನ ರಟ್ಟೆ ಹಿಡಿದರು.

“ಏಳಮ್ಮ, ಏಣಿ ಬಿಡು.”

“ಮೊದ್ಲು ಅವಳಿಗೊಂದು ಜಾಗ ಕೊಡಿ, ಬಿಡ್ತೀನಿ.”

ಅವರು ಏಣಿ ಹಿಡಿದಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ನಾನು ಗಂಟಲು ಹರಿಯುವಂತೆ ಕೂಗಿದೆ: “ಓಡೇ! ಅವನು ಇಳಿಯೋದ್ರೊಳಗೆ ಓಡೇ!”

ಅವಳು ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಗೋಡೆ ಬಿಟ್ಟು ಕದಲಲಿಲ್ಲ.

“ಎಲ್ಲಿಗಕ್ಕಾ?” ಅಂದಳು.

ಅಷ್ಟರಲ್ಲಿ ಏಣಿಯ ಒಂದು ತುದಿ ಪೊಲೀಸರ ಕೈಗೆ ಸಿಕ್ಕಿತ್ತು.