ಹಿಂದಿನ ಬೇರಿಂಗ್

ಕುಶಲಾ ಬಾಯಿ ತೆರೆದರೆ ಸುಲಭಕ್ಕೆ ಮುಚ್ಚುವವಳಲ್ಲ. ಅದು ಅವಳ ದೋಷವೂ ಹೌದು, ಅನ್ನವೂ ಹೌದು. ವಿಮೆಯ ಏಜೆಂಟರಾದವರು ಬಾಯಿಗೆ ಬೀಗ ಹಾಕಿಕೊಂಡು ಬದುಕುವುದುಂಟೇ? ಉಡುಪಿಯಲ್ಲಿ ಮನೆ. ಮಣಿಪಾಲ, ಕಟಪಾಡಿ, ಕಾಪು, ಕಾರ್ಕಳ ಎಂದು ದಿನವೂ ತಿರುಗಾಟ. ಗಂಡನದು ಅಡುಗೆಯ ಕಂತ್ರಾಟು; ಸಮಾರಂಭಗಳಿಲ್ಲದ ದಿನ ಅವನ ಹಳೆಯ ಓಮ್ನಿಯನ್ನು ಇವಳು ಓಡಿಸುತ್ತಿದ್ದಳು. ಆ ಗಾಡಿ ಅಂಗಳಕ್ಕೆ ಬಂತೆಂದರೆ ಪಾಲಿಸಿಯ ಮಾತಿಗಿಂತ ಮೊದಲು ನಾಲ್ಕು ಊರಿನ ಸುದ್ದಿ ಇಳಿಯುತ್ತಿತ್ತು. ಜನ ಕಾಯುತ್ತಿದ್ದದ್ದೂ ಅದನ್ನೇ.

ಮಳೆಗಾಲ ಕಳೆದ ಮೇಲೆ ಓಮ್ನಿಯ ಹಿಂಬದಿಯಿಂದ ಒಂದು ಸ್ವರ ಶುರುವಾಯಿತು. ಅಕ್ಕಿ ಹಾಕದೆ ಗ್ರೈಂಡರ್ ತಿರುಗಿಸಿದ ಹಾಗೆ. ಮೆಲ್ಲ ಹೋದರೆ ಗೊಣಗಾಟ, ಜೋರು ಹೋದರೆ ಜಗಳ. ಅವಳು ಗಾಡಿಯನ್ನು ಕಾಪುವಿಗೆ, ಇಮ್ತಿಯಾಝ್‌ನ ಗ್ಯಾರೇಜಿಗೆ ಒಯ್ದಳು.

ಇಮ್ತಿಯಾಝ್ ಬಹಳ ವರ್ಷ ಗಲ್ಫಿನಲ್ಲಿ ದುಡಿದವನು. ಮಕ್ಕಳು ತನ್ನನ್ನು ಫೋನಿನೊಳಗಿನ ಮನುಷ್ಯ ಎಂದುಕೊಂಡಾರು ಎಂಬ ಹೆದರಿಕೆಯಿಂದ ಊರಿಗೆ ಮರಳಿ, ಹೆದ್ದಾರಿಯ ಬದಿಯಲ್ಲಿ ಗ್ಯಾರೇಜು ಹಾಕಿದ್ದ. ಮನೆ ಅದರ ಹಿಂದೆಯೇ. ಮನೆಯೊಳಗೆ ಬ್ಯಾರಿ ಭಾಷೆ. ಕುಶಲಾಳೊಡನೆ ಯಾವಾಗಲೂ ತುಳು. ಅವರಿಬ್ಬರೂ ಕನ್ನಡದಲ್ಲಿ ಒಂದು ಮಾತು ಆಡಿದ್ದಿಲ್ಲ. ಆಡಬೇಕಾದ ಅಗತ್ಯವೂ ಇರಲಿಲ್ಲ.

"ಹಿಂದಿನ ಚಕ್ರದ ಬೇರಿಂಗ್ ಇರಬೇಕು ಅಕ್ಕ. ಬಿಚ್ಚಿ ನೋಡಿ ಫೋನ್ ಮಾಡ್ತೇನೆ" ಎಂದ. ಅವಳು ಬಸ್ಸು ಹತ್ತಿ ಮಣಿಪಾಲಕ್ಕೆ ಹೋದಳು.

ಅಲ್ಲಿ ಅವಳು ಕುಳಿತದ್ದು ಒಬ್ಬ ಡಾಕ್ಟರರ ಮನೆಯ ಸೋಫಾದಲ್ಲಿ. ಅವರು ಘಟ್ಟದ ಮೇಲಿನವರು, ತುಳು ಬಾರದವರು, ದೊಡ್ಡ ಪಾಲಿಸಿ ಮಾಡಿಸುವವರು, ಗಂಭೀರ ಜನ. ಸರಿಯಾಗಿ ಆಗಲೇ ಇಮ್ತಿಯಾಝ್‌ನ ಫೋನು. "ಅಕ್ಕ, ಬೇರಿಂಗ್..." ಎಂದು ಅವನು ಆರಂಭಿಸಿದ. ಡಾಕ್ಟರರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಅವರೆದುರು ಗ್ಯಾರೇಜಿನವನೊಡನೆ ತುಳುವಿನಲ್ಲಿ ಗುದ್ದಾಡುವುದು ಅವಳಿಗೆ ಸರಿಕಾಣಲಿಲ್ಲ. ಮೆಕ್ಯಾನಿಕ್‌ಗಳ ಕೈಗೆ ಸಿಕ್ಕಿದರೆ ಎದುರಿನದ್ದು ಹಿಂದಿನದ್ದು ಎಲ್ಲವನ್ನೂ ಬದಲಿಸಿಬಿಡುತ್ತಾರೆ ಎಂಬ ಗುಮಾನಿ ಬೇರೆ. ಬೆನ್ನು ನೆಟ್ಟಗೆ ಮಾಡಿಕೊಂಡು, ರೇಡಿಯೋದವರ ಹಾಗೆ ಅಚ್ಚ ಕನ್ನಡದಲ್ಲಿ ಹೇಳಿದಳು:

"ನೋಡಿ, ಹಿಂದಿನ ಬೇರಿಂಗ್ ಹಾಕಿದರೆ ಸಾಕು. ಬೇರೆ ಏನೂ ಬೇಡ. ಸಂಜೆಗೆ ಗಾಡಿ ಬೇಕು."

"ಆಯ್ತು ಮೇಡಂ" ಎಂದ ಇಮ್ತಿಯಾಝ್. ಅಕ್ಕ ಹೋಗಿ ಮೇಡಂ ಆದದ್ದನ್ನು ಅವಳು ಗಮನಿಸಲಿಲ್ಲ.

ಸಂಜೆ ಅವಳು ಗ್ಯಾರೇಜಿಗೆ ಹೋದಾಗ ಅವನಿರಲಿಲ್ಲ, ಕೀ ಪಕ್ಕದ ಅಂಗಡಿಯಲ್ಲಿತ್ತು. ಗ್ಯಾರೇಜಿನ ಲೆಕ್ಕವನ್ನು ಎಂದಿನಂತೆ ಗಂಡ ಆಮೇಲೆ ಕೊಡುವುದಿತ್ತು. ಗಾಡಿ ಸ್ವರವಿಲ್ಲದೆ ಓಡಿತು. ಕೆಲವು ದಿನ ಅಷ್ಟೇ. ಆಮೇಲೆ ಸ್ವರ ಮರಳಿತು, ನೆಂಟರನ್ನೂ ಜೊತೆಗೆ ಕರೆತಂದವರ ಹಾಗೆ ಇನ್ನಷ್ಟು ಜೋರಾಗಿ.

ಕಾರ್ಕಳಕ್ಕೆ ಹೋದ ಒಂದು ದಿನ ಕಿವಿ ತಡೆಯಲಾರದೆ ಅಲ್ಲಿನ ಆಸ್ಟಿನ್‌ನ ಗ್ಯಾರೇಜಿನಲ್ಲಿ ನಿಲ್ಲಿಸಿದಳು. ಅವನು ಚಕ್ರ ಬಿಚ್ಚಿ, ಆ್ಯಕ್ಸಲ್ ಶಾಫ್ಟನ್ನು ಹೊರಗೆಳೆದು, ಬೆಳಕಿಗೆ ಹಿಡಿದು ನೋಡಿದ.

"ಯಾರು ಮೇಡಂ ಇದನ್ನು ಮಾಡಿದ್ದು? ಗ್ರೀಸು ಮಾತ್ರ ಹೊಸತು. ಬೇರಿಂಗ್ ಹಳತೇ ಉಂಟು. ಈಗ ಶಾಫ್ಟನ್ನೂ ತಿಂದಿದೆ. ಸಾಮಾನು ಬರ್ಬೇಕು, ಅಲ್ಲಿವರೆಗೆ ಮೆಲ್ಲ ಓಡಿಸಿ."

ಕುಶಲಾಳ ಮೈ ಉರಿದುಹೋಯಿತು. ಇಷ್ಟು ವರ್ಷದ ವಿಶ್ವಾಸ! ಅಕ್ಕ ಅಕ್ಕ ಎನ್ನುತ್ತಲೇ ಹಳೆಯದಕ್ಕೆ ಗ್ರೀಸು ಬಳಿದು ಕೊಟ್ಟನಲ್ಲ! ಕಾಪುವಿಗೆ ಹೋಗಿ ಅವನನ್ನು ಕೇಳಬೇಕಿತ್ತು. ಆದರೆ ಕಾಪು ಮುಟ್ಟುವ ಮೊದಲು ಹತ್ತಾರು ಮನೆಗಳಿದ್ದವು, ಎಲ್ಲ ಮನೆಗಳಲ್ಲೂ ಚಹಾ ಇತ್ತು. ಒಂದೊಂದು ಮನೆಯಲ್ಲೂ ಹೇಳಿದಳು. ನಂಬದವರನ್ನು ಗಾಡಿಯ ಬಳಿಗೆ ಕರೆದೊಯ್ದು, "ಕೇಳಿ, ನೀವೇ ಕೇಳಿ" ಎಂದು ಅಂಗಳದಲ್ಲಿ ಒಂದು ಸುತ್ತು ಓಡಿಸಿ ತೋರಿಸಿದಳು. ಓಮ್ನಿ ತಪ್ಪದೆ ಸಾಕ್ಷಿ ನುಡಿಯಿತು. ಕೆಲವರು "ನಮಗೆ ಮೊದಲೇ ಗೊತ್ತಿತ್ತು" ಎಂದು ತಲೆಯಾಡಿಸಿದರು. ಏನು ಗೊತ್ತಿತ್ತು, ಅವನ ಬಗ್ಗೆ ಗೊತ್ತಿತ್ತೋ ಅವನ ಹೆಸರಿನ ಬಗ್ಗೆಯೋ ಎಂದು ಅವಳು ಕೇಳಲಿಲ್ಲ. ಆ ತಲೆಯಾಟ ಅವಳಿಗೆ ಒಳಗೆಲ್ಲೋ ಚುಚ್ಚಿತು. ಚುಚ್ಚಿದರೂ ತನ್ನ ಮಾತಿಗೆ ಸಿಕ್ಕಿದ ಬೆಂಬಲವಲ್ಲವೇ ಎಂದು ಸುಮ್ಮನಾದಳು.

ಹೀಗೆ ಆಸ್ಟಿನ್‌ನ ಸಾಮಾನು ಬರುವ ಮೊದಲೇ ಇಮ್ತಿಯಾಝ್‌ನ ಹೆಸರು ಹೋಯಿತು.

ಅದು ಅವಳಿಗೆ ತಿಳಿದದ್ದು ಅವನ ಹೆಂಡತಿ ಹಫೀಝಾಳ ಫೋನಿನಿಂದ. "ಅಕ್ಕ, ನಮ್ಮ ಪಾಲಿಸಿಯನ್ನು ನಿಲ್ಲಿಸ್ಲಿಕ್ಕೆ ಆಗ್ತದಾ? ಗ್ಯಾರೇಜು ಬಂದ್ ಮಾಡ್ತಾರಂತೆ. ಪುನಃ ಗಲ್ಫಿಗೆ ಹೋಗ್ತಾರಂತೆ. ಯಾರೋ ಇವರ ಮೇಲೆ ಎಂತದೋ ಹೇಳಿದ್ದಾರೆ. ಶಾಲೆಯ ವ್ಯಾನಿನವರು, ರಿಕ್ಷಾದವರು, ಯಾರೂ ಬರುವುದಿಲ್ಲ."

"ಯಾರು ಹೇಳಿದ್ದಂತೆ?"

"ಹೆಸರು ಹೇಳುದಿಲ್ಲ ಅಕ್ಕ ಅವರು. ಕೇಳಿದ್ರೆ ಬಿಡು ಅಂತಾರೆ."

ಕುಶಲಾ ಕಾಪುವಿಗೆ ಹೋದಳು. ತಪ್ಪು ಮಾಡಿದವನು ತಪ್ಪೊಪ್ಪಿಕೊಳ್ಳಲಿ, ಆಮೇಲೆ ನಾಲ್ಕು ಜನರಿಗೆ ನಾನೇ ಒಳ್ಳೆಯದು ಹೇಳುತ್ತೇನೆ ಎಂದು ದಾರಿಯುದ್ದಕ್ಕೂ ತನ್ನ ಔದಾರ್ಯವನ್ನು ತಾನೇ ಮೆಚ್ಚಿಕೊಂಡಳು. ಗ್ಯಾರೇಜಿನಲ್ಲಿ ಒಂದು ಗಾಡಿಯೂ ಇರಲಿಲ್ಲ. ಇಮ್ತಿಯಾಝ್ ಸ್ಟೂಲಿನ ಮೇಲೆ ಕುಳಿತು, ಒರೆಸಿದ ಸ್ಪ್ಯಾನರ್‌ಗಳನ್ನೇ ಮತ್ತೆ ಒರೆಸುತ್ತಿದ್ದ.

"ಯಾಕೆ ಮಾರಾಯ ಹಾಗೆ ಮಾಡಿದೆ?" ಅವಳು ಎಂದಿನ ತುಳುವಿನಲ್ಲಿ ಕೇಳಿದಳು. "ಹಳೆಯದನ್ನೇ ಯಾಕೆ ಹಾಕಿದೆ?"

ಅವನು ತಲೆಯೆತ್ತಿದ. "ನೀವೇ ಹೇಳಿದ್ದಲ್ವಾ ಅಕ್ಕ? ದುಂಬುದ ಬೇರಿಂಗ್ ಹಾಕಿದ್ರೆ ಸಾಕು ಅಂತ."

ಅವಳಿಗೆ ಇನ್ನಷ್ಟು ಸಿಟ್ಟು ಬಂತು. ತುಳುವಿನಲ್ಲಿ ದುಂಬು ಎಂದರೆ ಎದುರು. "ದುಂಬುದ್ದು ಅಂತ ನಾನು ಯಾವಾಗ ಹೇಳಿದೆ? ಎದುರಿನ ಚಕ್ರಕ್ಕೆ ಎಂತ ಆಗಿತ್ತು? ನಾನು ಹೇಳಿದ್ದು ಪಿರವುದ್ದು. ಹಿಂದಿನದ್ದು!"

"ಹೌದಲ್ಲ, ಹಿಂದಿನದ್ದು. ಕನ್ನಡದಲ್ಲಿ ಹೇಳಿದ್ರಿ. ಹಿಂದಿನದ್ದು ಅಂದ್ರೆ ದುಂಬುದ್ದು, ಮೊದಲು ಇದ್ದದ್ದು. ಅದನ್ನೇ ಹಾಕಿದ್ರೆ ಸಾಕು, ಸಂಜೆಗೆ ಗಾಡಿ ಬೇಕು ಅಂತ. ಹೊಸ ಬೇರಿಂಗ್ ಬರ್ಲಿಕ್ಕೆ ನಾಳೆ ಆಗ್ತದೆ ಅಂತ ಹೇಳ್ಲಿಕ್ಕೇ ನಾನು ಫೋನ್ ಮಾಡಿದ್ದು. ನೀವು ಕೇಳ್ಲಿಲ್ಲ."

ಕುಶಲಾ ಎರಡೂ ಮಾತುಗಳನ್ನು ಮನಸ್ಸಿನಲ್ಲೇ ಪಕ್ಕಪಕ್ಕ ಇಟ್ಟು ನೋಡಿದಳು. ತುಳುವಿನಲ್ಲಿ ದುಂಬು ಎಂದರೆ ಎದುರು, ಕಳೆದುಹೋದ ಕಾಲವೂ ದುಂಬು. ಕನ್ನಡದಲ್ಲಿ ಕಳೆದದ್ದೆಲ್ಲ ಹಿಂದೆ. ತುಳುವಿನವನಿಗೆ ಕಳೆದ ಕಾಲ ಕಣ್ಣೆದುರು ನಿಂತಿರುತ್ತದೆ, ಕನ್ನಡದವನಿಗೆ ಬೆನ್ನ ಹಿಂದೆ ಬೀಳುತ್ತದೆ. ಎರಡನ್ನೂ ಹುಟ್ಟಿನಿಂದ ಆಡುತ್ತ ಬಂದವಳಿಗೆ ಇದು ಈವರೆಗೆ ಹೊಳೆದಿರಲಿಲ್ಲ. ತಾನು ಹೇಳಿದ್ದು ಗಾಡಿಯ ಹಿಂಬದಿ. ಅವನು ಕೇಳಿಸಿಕೊಂಡದ್ದು ಮೊದಲಿನ ಬೇರಿಂಗ್. ಇಬ್ಬರೂ ಸರಿ. ತುಳುವಿನಲ್ಲಿ ಒಂದು ಮಾತು ಹೇಳಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಸೋಫಾದ ಮರ್ಯಾದೆಗೆ ಬಿದ್ದು ಆಡಿದ ಕನ್ನಡ ಅದು.

"ಮತ್ತೊಮ್ಮೆ ಕೇಳಬಾರದಿತ್ತಾ?" ಅವಳ ಸ್ವರ ಸಣ್ಣಗಾಗಿತ್ತು.

"ಯಾರೋ ದೊಡ್ಡವರ ಎದುರು ಇದ್ದೀರಿ ಅಂತ ಗೊತ್ತಾಯ್ತು. ಸಂಜೆ ಹೇಳುವ ಅಂತ ಇದ್ದೆ, ಉಮ್ಮನನ್ನು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗ್ಬೇಕಾಯ್ತು. ಸ್ವರ ಬಂದರೆ ಹೇಗೂ ಬರ್ತೀರಿ, ಆಗ ಹೊಸತು ಹಾಕುವ ಅಂತ ಕಾದೆ." ಅವನು ಸ್ಪ್ಯಾನರ್ ಕೆಳಗಿಟ್ಟ. "ನೀವು ಬರ್ಲಿಲ್ಲ ಅಕ್ಕ. ಸುದ್ದಿ ಬಂತು."

ಹಫೀಝಾ ಒಳಗಿನಿಂದ ಚಹಾ ತಂದಳು. ಯಾರು ಹೇಳಿದ್ದೆಂದು ತಿಳಿಯದವಳು ನಗುತ್ತಲೇ ಲೋಟ ಮುಂದೆ ಹಿಡಿದಳು. ಇಮ್ತಿಯಾಝ್ ಗಲ್ಫಿನ ಬಿಸಿಲಿನ ವಿಷಯ ತೆಗೆದು ಮಾತು ತಿರುಗಿಸಿದ. ಕುಶಲಾಳಿಗೆ ನಾಚಿಕೆಯಾಯಿತು. ಅವನು ಒಂದು ಬೈಗುಳ ಬೈದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. "ಹಫೀಝಾ, ಹೇಳಿದ್ದು ನಾನೇ" ಎಂದಳು. ಚಹಾದ ಲೋಟವನ್ನು ಹಾಗೆಯೇ ಕೆಳಗಿಟ್ಟು ಹೊರಟಳು.

ಮರುದಿನದಿಂದ ಅವಳು ಮತ್ತೆ ಅವೇ ಮನೆಗಳ ಮೆಟ್ಟಿಲು ಹತ್ತಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ಶಾಲೆಯಲ್ಲಿ ಕಲಿತಿದ್ದಳು. ಹೋದ ಮಾತಿನ ಹಿಂದೆ ಓಡುವುದು ಎಷ್ಟು ಕಷ್ಟವೆಂದು ಯಾರೂ ಕಲಿಸಿರಲಿಲ್ಲ. ಕೆಟ್ಟ ಸುದ್ದಿಯನ್ನು ಹೇಳಲು ಒಂದು ಸಾಲು ಸಾಕಾಗಿತ್ತು. ಇದನ್ನು ಹೇಳಲು ಕನ್ನಡ ಬೇಕು, ತುಳು ಬೇಕು, ಎದುರು ಯಾವುದು ಹಿಂದೆ ಯಾವುದು ಎಂದು ಕೈಸನ್ನೆ ಬೇಕು. ಜನ ಕೇಳಿ ನಕ್ಕರು. "ಒಳ್ಳೆ ತಮಾಷೆ ಉಂಟು" ಎಂದರು. ಅಷ್ಟೇ.

ಕಟಪಾಡಿಯಲ್ಲಿ ಶಾಲೆಯ ವ್ಯಾನು ಓಡಿಸುವ ಜೋನ್ ಅಂತೂ ಪೂರ್ತಿ ಕೇಳಿಸಿಕೊಂಡ. ಕೊನೆಗೆ ಕನಿಕರದಿಂದ ಅವಳನ್ನೇ ನೋಡಿದ. "ಅವನು ಹೇಳಿದ್ದನ್ನು ನಂಬಿದಿರಾ ಅಕ್ಕ? ನೀವು ತುಂಬಾ ಪಾಪದವರು. ಮೋಸ ಮಾಡಿದವನ ಪರವಾಗಿ ನೀವೇ ಮಾತಾಡ್ತೀರಲ್ಲ!"

ಕುಶಲಾ ತಿದ್ದಲು ಹೋದಷ್ಟೂ ಅವಳು ಒಳ್ಳೆಯವಳಾಗುತ್ತಿದ್ದಳು, ಇಮ್ತಿಯಾಝ್ ಕೆಟ್ಟವನಾಗುತ್ತಿದ್ದ. ಅಷ್ಟು ವರ್ಷ ಅನ್ನ ಕೊಟ್ಟ ಬಾಯಿ ಅಂದು ಮೊದಲ ಬಾರಿಗೆ ಕೈಕೊಟ್ಟಿತು.

ಅವಳು ಅಲ್ಲಿಂದ ಇನ್ನೊಂದು ಮನೆಗೆ ಹೋಗಲಿಲ್ಲ. ನೇರ ಕಾಪುವಿಗೆ ಹೋಗಿ, ಗುರುಗುಟ್ಟುವ ಓಮ್ನಿಯನ್ನು ಇಮ್ತಿಯಾಝ್‌ನ ಗ್ಯಾರೇಜಿನ ಅಂಗಳದಲ್ಲಿ, ಹೆದ್ದಾರಿಯಲ್ಲಿ ಹೋಗುವ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದಳು.

"ಬೇಡ ಅಕ್ಕ, ಆಸ್ಟಿನ್ ಹತ್ತಿರವೇ ಮಾಡಿಸಿ. ಒಳ್ಳೆ ಕೆಲಸಗಾರ" ಎಂದ ಇಮ್ತಿಯಾಝ್.

"ನೀನೇ ಮಾಡು. ಬೇರಿಂಗೂ ಶಾಫ್ಟೂ ಎಲ್ಲ ಹೊಸತು ಹಾಕು. ಆದ ಮೇಲೂ ಇಲ್ಲೇ ಇರಲಿ, ನಾನು ಬರುವವರೆಗೆ."

ಅಂದಿನಿಂದ ಅವಳ ತಿರುಗಾಟ ಬಸ್ಸಿನಲ್ಲಿ. ಸಮಾರಂಭಕ್ಕೆ ಬಾಡಿಗೆ ಗಾಡಿ ಹಿಡಿಯಬೇಕಾಯಿತೆಂದು ಗಂಡ ಗೊಣಗಿದ, ಗೊಣಗಲಿ ಎಂದು ಬಿಟ್ಟಳು. ಮಣಿಪಾಲದ ಏರು ಹತ್ತುವಾಗ ಕಂಬಿ ಹಿಡಿದು ನಿಂತಳು, ಕಾರ್ಕಳದ ಬಸ್ಸಿನಲ್ಲಿ ಬ್ಯಾಗನ್ನು ಎದೆಗವಚಿಕೊಂಡು ತೂಕಡಿಸಿದಳು. ಹೋದಲ್ಲೆಲ್ಲ ಜನ ಕೇಳುತ್ತಿದ್ದರು, "ಗಾಡಿ ಎಲ್ಲಿ?"

"ಕಾಪುವಿನಲ್ಲಿ. ಇಮ್ತಿಯಾಝ್‌ನ ಹತ್ತಿರ ಕೊಟ್ಟಿದ್ದೇನೆ."

"ಪುನಃ ಅವನಿಗೇ?"

"ಅವನಿಗೇ."

ಅದಕ್ಕಿಂತ ಹೆಚ್ಚು ಒಂದಕ್ಷರ ಹೇಳುತ್ತಿರಲಿಲ್ಲ. ಜನರಿಗೆ ಅದೇ ದೊಡ್ಡ ಸುದ್ದಿಯಾಯಿತು. ಕುಶಲಾ ಮಾತು ನಿಲ್ಲಿಸಿದಳೆಂದರೆ ಏನೋ ಇರಬೇಕು ಎಂದುಕೊಂಡರು. ಕಾಪು ದಾಟುವವರು ಆ ಅಂಗಳದತ್ತ ಕತ್ತು ತಿರುಗಿಸಿದರು. ಓಮ್ನಿ ಇಂದೂ ಅಲ್ಲೇ, ನಾಳೆಯೂ ಅಲ್ಲೇ.

ಎಷ್ಟೋ ದಿನಗಳ ಮೇಲೆ ಕಟಪಾಡಿಯ ಜಂಕ್ಷನ್ನಿನಲ್ಲಿ, ತುಂಬಿದ ಬಸ್ಸಿನೊಳಗೆ ಒಂಟಿಕಾಲಲ್ಲಿ ನಿಂತಿದ್ದಾಗ ಅವಳ ಫೋನು ಬಡಿದುಕೊಂಡಿತು. ಆ ಕಡೆ ಇಮ್ತಿಯಾಝ್. ಅವನ ಬೆನ್ನಿಗೆ ಯಾರದೋ ಕೂಗು, ಸುತ್ತಿಗೆಯ ಪೆಟ್ಟು, ಎಂಜಿನ್ನಿನ ಸದ್ದು. ಅವನು ಸಿಡುಕಿನಲ್ಲಿದ್ದ.

"ಅಕ್ಕ, ಒಮ್ಮೆ ಬಂದು ನಿಮ್ಮ ಗಾಡಿ ತಗೊಂಡು ಹೋಗಿ ಮಾರಾಯ್ರೆ. ಜೋನ್‌ನ ವ್ಯಾನು ರಸ್ತೆಯಲ್ಲೇ ನಿಂತಿದೆ. ಒಳಗೆ ನಿಲ್ಲಿಸ್ಲಿಕ್ಕೆ ಜಾಗ ಇಲ್ಲ."